ಬರ್ಟ್ ಸಾಹೇಬರ ಬನೀನು

ಮನುಷ್ಯನಿಗೆ ಯಾವುದಾದರೂ ಒಂದು ವಿಷಯದಲ್ಲಿ ಜಂಬ ಇರಬೇಕು, ಇಲ್ಲದಿದ್ದರೆ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳುವ ಉತ್ಸಾಹವೇ ಬರುವುದಿಲ್ಲ. ಬಾಚಿಕೊಳ್ಳುವುದಕ್ಕೆ ನನ್ನ ತಲೆಯಲ್ಲಿ ಹೆಚ್ಚೇನೂ ಉಳಿದಿಲ್ಲ ಎನ್ನುವುದು ಬೇರೆ ಮಾತು. ನನ್ನ ಜಂಬ ಬಟ್ಟೆ ಒಗೆಯುವುದರಲ್ಲಿ. ಯಾವ ಕಲೆಗೆ ಬಿಸಿನೀರು, ಯಾವುದಕ್ಕೆ ತಣ್ಣೀರು, ಯಾವುದಕ್ಕೆ ನಿಂಬೆರಸ ಎಂದು ಕ್ಯಾಲಿಫೋರ್ನಿಯಾದ ನಮ್ಮ ಸನ್ನಿವೇಲ್‌ನ ಕನ್ನಡಿಗರೆಲ್ಲ ನನಗೇ ಫೋನು ಮಾಡುತ್ತಾರೆ. ಇದರ ಜೊತೆಗೆ ಇನ್ನೊಂದು ಸಣ್ಣ ಜಂಬವೂ ಉಂಟು. ನಾನು ಶಕುನ, ದೃಷ್ಟಿ, ರಾಹುಕಾಲ ಒಂದನ್ನೂ ನಂಬುವವನಲ್ಲ. ಬೇಕೆಂದೇ ರಾಹುಕಾಲದಲ್ಲಿ ಹೋಗಿ ಕಾರು ತಂದವನು. ಆ ಕಾರು ಮೂರನೇ ತಿಂಗಳಿಗೇ ಫ್ರೀವೇ ಮಧ್ಯದಲ್ಲಿ ಕೈಕೊಟ್ಟಿತು ನಿಜ. ಅದು ಎಂಜಿನ್ನಿನ ತಪ್ಪೇ ಹೊರತು ರಾಹುವಿನದಲ್ಲ ಎಂದು ಇವತ್ತಿಗೂ ವಾದಿಸುತ್ತೇನೆ.

ನನ್ನ ಹೆಂಡತಿ ಸುಧಾ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಕೆಲಸ ಮಾಡುತ್ತಾಳೆ. ನಲವತ್ತೈದು ದಾಟಿದ ಮೇಲೆ ಅವಳ ಸ್ನೇಹಿತೆಯರಲ್ಲಿ ಕೆಲವರು ಯೋಗ ಹಿಡಿದರು, ಕೆಲವರು ವೀಣೆ ಹಿಡಿದರು, ಇವಳು ಐಸ್ ಹಾಕಿಯ ಕೋಲು ಹಿಡಿದಳು. ಮಂಡ್ಯದವನಾದ ನನಗೆ ಐಸು ಅಂದರೆ ಕಬ್ಬಿನ ಹಾಲಿಗೆ ಕುಟ್ಟಿ ಹಾಕುವ ಪದಾರ್ಥ. ಅದರ ಮೇಲೆ ಕಾಲಿಗೆ ಕತ್ತಿ ಕಟ್ಟಿಕೊಂಡು ರಬ್ಬರ್ ಬಿಲ್ಲೆಯೊಂದರ ಹಿಂದೆ ಓಡುವುದರಲ್ಲಿ ಏನು ಸುಖವೋ ನನಗೆ ತಿಳಿಯದು. ಓಡಿದರೆ ಓಡಲಿ, ನನ್ನ ತಕರಾರು ಆಟದ ಮೇಲಲ್ಲ, ಆಟದ ಚೀಲದ ಮೇಲೆ. ಮೊಣಕಾಲಿನ ಕವಚ, ಭುಜದ ಕವಚ, ಕೈಗವಸು ಎಲ್ಲವನ್ನೂ ತುಂಬಿಕೊಂಡ ಆ ದೊಡ್ಡ ಕಪ್ಪು ಚೀಲದಿಂದ ಬರುವ ವಾಸನೆಯನ್ನು ಕನ್ನಡದಲ್ಲಿ ವರ್ಣಿಸಲು ಆಗುವುದಿಲ್ಲ. ನಮ್ಮ ಕಾರಿನಲ್ಲಿ ಅದು ಕೂತರೆ ಪಕ್ಕದ ಲೇನಿನವರೂ ಕಿಟಕಿ ಏರಿಸುತ್ತಾರೆ.

ಈ ತಂಡಕ್ಕೆ ಕೋಚಾಗಿದ್ದವರು ಬರ್ಟ್ ಸಾಹೇಬರು. ಸಾಹೇಬರು ಎನ್ನುವುದು ನಾನು ಸೇರಿಸಿದ ಗೌರವ. ಕೆನಡಾದ ಯಾವುದೋ ಹಳ್ಳಿಯಲ್ಲಿ, ಮನೆ ಹಿತ್ತಿಲಿನ ಕೆರೆ ಹೆಪ್ಪುಗಟ್ಟಿದಾಗ ಆಡಲು ಕಲಿತವರು. ದುಡ್ಡಿಗೆ ಆಡುವ ಆಟಗಾರರಾಗಿ ಸಣ್ಣ ಸಣ್ಣ ಊರುಗಳ ತಂಡಗಳಲ್ಲಿ ಬಸ್ಸಿನಲ್ಲಿ ಮಲಗಿ, ಬಸ್ಸಿನಲ್ಲೇ ಉಂಡು ಯೌವನ ಕಳೆದರು. ಒಮ್ಮೆ, ಒಂದೇ ಒಮ್ಮೆ, ದೊಡ್ಡ ಲೀಗಿನ ತಂಡದಲ್ಲಿ ಯಾರಿಗೋ ಹೊಟ್ಟೆ ಕೆಟ್ಟು ಇವರಿಗೆ ಕರೆ ಬಂತು. ಆ ರಾತ್ರಿ ನಾಲ್ಕು ನಿಮಿಷ ಐಸಿನ ಮೇಲಿದ್ದರು. ಅಷ್ಟರಲ್ಲಿ ಮುಂದಿನ ಎರಡು ಹಲ್ಲು ಹೋದವು. ಮಾರನೆಯ ದಿನ ಮತ್ತೆ ಬಸ್ಸು. ಮಂಡಿ ಸವೆದ ಮೇಲೆ ಕೋಚಾದರು, ತಂಡದಿಂದ ತಂಡಕ್ಕೆ ಇಳಿಯುತ್ತಾ ಇಳಿಯುತ್ತಾ ಹಿಮವೇ ಬೀಳದ ನಮ್ಮೂರಿಗೆ ಬಂದು, ಹಾಸಿಗೆ ಅಂಗಡಿಯ ಪಕ್ಕದ ಶೆಡ್ಡಿನೊಳಗಿನ ರಿಂಕಿನಲ್ಲಿ, ಬ್ರೇಕು ಹಾಕಲು ಗೋಡೆಗೆ ಹೋಗಿ ಗುದ್ದಿಕೊಳ್ಳುವ ನಡುವಯಸ್ಸಿನ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಆ ಸೀಸನ್ನಿನಲ್ಲಿ ತಂಡ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಕೊನೆಯದನ್ನೂ ಸೋತರೆ ತಂಡ ಮುಚ್ಚಿ, ಆ ಹೊತ್ತನ್ನು ಮಕ್ಕಳ ಬರ್ತ್‌ಡೇ ಪಾರ್ಟಿಗೆ ಕೊಡುವುದಾಗಿ ರಿಂಕಿನ ಮ್ಯಾನೇಜರು ಹೇಳಿಬಿಟ್ಟಿದ್ದರು. ಅಲ್ಲಿಗೆ ಬರ್ಟ್ ಸಾಹೇಬರ ಕೋಚುಗಿರಿಯೂ ಮುಗಿಯುತ್ತಿತ್ತು. ಸುಧಾ ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಆ ಕೊನೆಯ ಪಂದ್ಯ ಬಂದದ್ದು ಆಯುಧಪೂಜೆಯ ದಿನ ಸಂಜೆ. ಇಲ್ಲಿ ಅದಕ್ಕೇನು ರಜೆಯೇ, ಸುಧಾ ಬೆಳಿಗ್ಗೆಯೇ ಲ್ಯಾಬಿಗೆ ಹೋಗಿದ್ದಳು. ನಾನು ಮನೆಯಿಂದಲೇ ಕೆಲಸ ಮಾಡುತ್ತಾ, ಅಂದರೆ ಕ್ಯಾಮೆರಾ ಆಫ್ ಮಾಡಿಕೊಂಡು ಮೀಟಿಂಗಿನಲ್ಲಿ ಕೂತಿದ್ದೆ. ಆರು ತಿಂಗಳಿಗೆಂದು ಮಂಡ್ಯದಿಂದ ಬಂದಿದ್ದ ನಮ್ಮವ್ವ ಮೂಗು ಮುಚ್ಚಿಕೊಂಡು ಬಂದಳು.

"ಲೋ, ಗ್ಯಾರೇಜ್ನಾಗೆ ಏನೋ ಸತ್ತೋಗದೆ ನೋಡ್ಲಾ."

"ಸತ್ತಿಲ್ಲ ಕಣವ್ವ, ಅದು ಸುಧಾ ಆಟದ ಸಾಮಾನು."

"ಆಟದ್ ಸಾಮಾನು ಅಂದ್ರೆ ಅವ್ಳ ಆಯ್ದ ಅಲ್ವೇನ್ಲಾ? ಆಯ್ದಪೂಜೆಗೆ ಹಂಗೇ ನಾರ್ತಾ ಇಡಕ್ಕಾದದಾ? ತೊಳ್ದು ತತ್ತಾ."

ಕಾರಿನ ಬೀಗದಕೈ, ಲ್ಯಾಪ್‌ಟಾಪು, ಮಿಕ್ಸಿ ಆಗಲೇ ದೇವರ ಮುಂದೆ ಕೂತಿದ್ದವು. ಪೂಜೆಯಲ್ಲಿ ನನಗೆ ನಂಬಿಕೆ ಇಲ್ಲದಿದ್ದರೂ ತೊಳೆಯುವುದರಲ್ಲಿ ಇದೆಯಲ್ಲ. ಚೀಲ ಬಿಚ್ಚಿದೆ. ಒಳಗಿದ್ದ ಚಡ್ಡಿ ನನ್ನ ಎದೆಮಟ್ಟ ಬಂತು. ಈ ಆಟದಲ್ಲಿ ಎಲ್ಲವೂ ದೊಡ್ಡದೇ ಇರಬೇಕು ಅಂದುಕೊಂಡೆ. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಅಳತೆ ಗೊತ್ತಿಲ್ಲವೇ ಎಂದು ನೀವು ಕೇಳಬಹುದು. ಕೇಳಬೇಡಿ. ಚೀಲದ ತಳದಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಬೂದಿ ಬಣ್ಣದ ಒಂದು ಬನೀನಿತ್ತು. ಬಿಟ್ಟರೆ ತಾನಾಗಿಯೇ ನಿಲ್ಲುವಷ್ಟು ಗಡುಸಾಗಿತ್ತು. ಸವಾಲು ಎಂದರೆ ಇದು! ಬಿಸಿನೀರಿನಲ್ಲಿ ನೆನೆಹಾಕಿ, ನಿಂಬೆರಸ ಹಿಂಡಿ, ಸೋಪು ಹಚ್ಚಿ, ಹಿತ್ತಿಲಿನ ಕಾಂಕ್ರೀಟಿನ ಮೇಲೆ ಅವ್ವನ ಕಣ್ಣೆದುರೇ ಕುಕ್ಕಿ ಕುಕ್ಕಿ ಒಗೆದೆ. ನೀರು ಮೊದಲು ಕಾಫಿಯಾಯಿತು, ಆಮೇಲೆ ಟೀ ಆಯಿತು, ಕೊನೆಗೆ ನೀರಾಯಿತು. ಬೂದಿ ಬಣ್ಣ ಅದರ ಬಣ್ಣವೇ ಅಲ್ಲ, ಅದು ಬಿಳೀ ಬನೀನು ಎಂದು ಆಗ ತಿಳಿಯಿತು. ಬಿಸಿಲಿನಲ್ಲಿ ಅದು ಮಲ್ಲಿಗೆಯ ಹಾಗೆ ಹೊಳೆಯುತ್ತಿದ್ದಾಗ ಫೋನು ಬಂತು.

"ರೀ, ನಿನ್ನೆ ಪ್ರ್ಯಾಕ್ಟೀಸಲ್ಲಿ ನನ್ ಬ್ಯಾಗೂ ಕೋಚ್ ಬ್ಯಾಗೂ ಅದಲು ಬದಲಾಗಿದೆ. ಮಧ್ಯಾಹ್ನ ಅವ್ರೇ ಬಂದು ತಗೊಂಡ್ ಹೋಗ್ತಾರೆ. ಪ್ಲೀಸ್, ಏನೂ ಮುಟ್ಟಬೇಡಿ. ಅದ್ರಲ್ಲಿ ಅವ್ರ ಲಕ್ಕಿ ಬನೀನಿದೆ. ದೊಡ್ಡ ಲೀಗಲ್ಲಿ ಆಡಿದ ದಿನ ಹಾಕಿದ್ದಂತೆ. ಅವತ್ತಿಂದ ಒಗೆದೇ ಇಲ್ಲವಂತೆ."

"ಆಹಾ, ಹೌದಾ?" ಎಂದೆ.

ಬರ್ಟ್ ಸಾಹೇಬರು ಬರುವ ಹೊತ್ತಿಗೆ ಅವ್ವ ಬನೀನಿಗೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಸೇವಂತಿಗೆ ಇಟ್ಟು ಮಿಕ್ಸಿಯ ಪಕ್ಕ ಮಡಗಿದ್ದಳು. ಆರೂವರೆ ಅಡಿಯ ಆ ಮನುಷ್ಯ ಅದನ್ನು ಎತ್ತಿ ಮೂಗಿಗೆ ಹಿಡಿದು, ನಿಂಬೆಹಣ್ಣಿನ ವಾಸನೆ ಬಂದದ್ದೇ ತಡ, ನಮ್ಮ ಮೆಟ್ಟಿಲಿನ ಮೇಲೆ ಕುಸಿದು ಕೂತರು. ಬೈಯಲಿಲ್ಲ, ಕೂಗಾಡಲಿಲ್ಲ. ನನ್ನ ನಾಲ್ಕು ನಿಮಿಷ ಇದರೊಳಗಿತ್ತು ಎಂದಷ್ಟೇ ಹೇಳಿದರು. ನನಗೆ ನಿಜಕ್ಕೂ ಸಂಕಟವಾಯಿತು. ಆದರೂ ವಿಚಾರವಂತನ ನಾಲಿಗೆ ಸುಮ್ಮನಿರುತ್ತದೆಯೇ? ಈ ಬನೀನು ಹಾಕಿಕೊಂಡೇ ಅಲ್ಲವೇ ಸೀಸನ್ನಿನ ಎಲ್ಲ ಪಂದ್ಯ ಸೋತಿದ್ದು ಎಂದು ಕೇಳಿದೆ. ಇದಿಲ್ಲದಿದ್ದರೆ ಇನ್ನೂ ಹೆಚ್ಚು ಗೋಲುಗಳಿಂದ ಸೋಲುತ್ತಿದ್ದೆವು ಎಂದರು.

ಅವ್ವ ನನ್ನಿಂದ ವಿಷಯ ಕೇಳಿ ತಿಳಿದುಕೊಂಡು ಹಣೆ ಚಚ್ಚಿಕೊಂಡಳು. "ನಾನು ಕೊಳೆ ತೊಳಿ ಅಂದ್ರೆ ನೀನು ಆವಯ್ಯನ ಅದೃಷ್ಟನೇ ತೊಳ್ದ್ ಮಡಗಿದ್ದೀಯಲ್ಲೋ! ಏಳಕ್ ಹೇಳು ಆವಯ್ಯಂಗೆ. ದೊಡ್ಡ ದೃಷ್ಟಿ ಆಗದೆ, ತೆಗೀಬೇಕು."

ಇದೆಲ್ಲ ಬೇಡವ್ವ, ಅವರು ಏನಂದುಕೊಳ್ಳುತ್ತಾರೋ ಎಂದು ನಾನು ಹೇಳುತ್ತಿದ್ದಂತೆಯೇ ಬರ್ಟ್ ಸಾಹೇಬರು ಎದ್ದು ನಿಂತಿದ್ದರು. ಯಾವ ಕಡೆ ಮುಖ ಮಾಡಬೇಕು ಎಂದು ಕೇಳಿದರು. ಅವ್ವ ಪೂರ್ವಕ್ಕೆ ತಿರುಗಿಸಿದಳು. ಉಪ್ಪು, ಒಣಮೆಣಸಿನಕಾಯಿ ಹಿಡಿದು, ಅವರ ತಲೆ ಎಟುಕದೆ ಸೊಂಟದ ಸುತ್ತಲೇ ನಿವಾಳಿಸಿ, ಒಲೆಯ ಮೇಲಿನ ಬಾಣಲೆಗೆ ಎಸೆದಳು. ಹೊಗೆಯೆದ್ದು ಸ್ಮೋಕ್ ಅಲಾರಂ ಬಡಿದುಕೊಳ್ಳತೊಡಗಿತು. ಅದೂ ಪೂಜೆಯ ಭಾಗವೆಂದು ತಿಳಿದು ಸಾಹೇಬರು ಭಕ್ತಿಯಿಂದ ತಲೆಬಾಗಿದರು. ಅಷ್ಟು ಹೊಗೆಗೂ ಯಾರೊಬ್ಬರೂ ಕೆಮ್ಮಲಿಲ್ಲ, ಘಾಟೇ ಇಲ್ಲ, ದೃಷ್ಟಿ ಅಷ್ಟು ಜೋರಾಗಿತ್ತು ಎಂದು ಅವ್ವ ತೀರ್ಮಾನ ಕೊಟ್ಟಳು. ನಾನು ಕೆಮ್ಮಿ ಕೆಮ್ಮಿ ಕಣ್ಣೀರು ಸುರಿಸುತ್ತಿದ್ದುದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಮೇಲೆ ಅವಳು ಬಲಗಾಲು ಮೊದಲು ಇಟ್ಟು ಹೊರಡಲು ಸನ್ನೆ ಮಾಡಿದಾಗ, ತಾನೂ ಮೊದಲಿನಿಂದ ಬಲಗಾಲಿನ ಲೇಸನ್ನೇ ಮೊದಲು ಕಟ್ಟುವುದು ಎಂದು ಸಾಹೇಬರು ಸನ್ನೆಯಲ್ಲೇ ತೋರಿಸಿದರು. ಇಬ್ಬರಿಗೂ ನನ್ನ ಅನುವಾದ ಬೇಕಾಗಲಿಲ್ಲ. ಬನೀನು ಹಾಕಿಕೊಂಡು, ಕುಂಕುಮದ ಕಲೆ ಎದೆಯ ಮೇಲೆಯೇ ಬರುವಂತೆ ನೋಡಿಕೊಂಡು, ಅವ್ವ ಕೊಟ್ಟ ನಿಂಬೆಹಣ್ಣನ್ನು ಜೇಬಿಗಿಟ್ಟುಕೊಂಡು ಹೊರಟರು. ನಾನು ಸುಧಾಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವಳು ಅರ್ಧಕ್ಕೇ ಫೋನು ಇಟ್ಟಳು.

ಸಂಜೆ ನಾನು ಅವ್ವನನ್ನು ಕರೆದುಕೊಂಡು ರಿಂಕಿಗೆ ಹೋದೆ. ನಮ್ಮ ಗೋಲ್‌ಕೀಪರಮ್ಮ ಐಸಿಗೆ ಇಳಿಯುವ ಮುಂಚೆ, ಬರ್ಟ್ ಸಾಹೇಬರು ಬಾಗಿಲಲ್ಲಿಟ್ಟ ಅವ್ವನ ನಿಂಬೆಹಣ್ಣನ್ನು ಸ್ಕೇಟಿನಿಂದ ತುಳಿದರು. ಅದು ಕಾರಿನ ಚಕ್ರಕ್ಕೆ ಸಿಕ್ಕಂತೆ ಪಚಕ್ಕನೆ ಅಪ್ಪಚ್ಚಿಯಾಗಲಿಲ್ಲ, ಎರಡು ಹೋಳಾಯಿತು. ನನಗೆ ನಗು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ಎದುರು ತಂಡ ಗೋಲು ಹೊಡೆದಾಗ, ಇದೋ ನಿನ್ನ ನಿಂಬೆಹಣ್ಣು ಎಂದು ಅವ್ವನನ್ನು ಕೆಣಕಿದೆ. ಆಮೇಲೆ ಚಳಿಗೆ ತಡೆಯಲಾಗದೆ ಬಾತ್‌ರೂಮಿಗೆ ಹೋದೆ. ಅಲ್ಲಿದ್ದಾಗಲೇ ಹೊರಗೆ ಹೋ ಎಂಬ ಕೂಗು. ಓಡಿ ಬಂದರೆ ನಮ್ಮವರದೂ ಒಂದು ಗೋಲಾಗಿತ್ತು. ನಾನು ಬಂದು ಕೂತೆನೋ ಇಲ್ಲವೋ, ಸುಧಾ ಕಾಲು ಜಾರಿ ಬಿದ್ದಳು, ಬಿಲ್ಲೆ ನಮ್ಮ ಗೋಲಿನ ಕಂಬಕ್ಕೆ ಟಣ್ ಎಂದು ಬಡಿದು ಕೂದಲೆಳೆಯಲ್ಲಿ ತಪ್ಪಿತು.

ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಲೋ, ನೀನು ಆಚೆ ಹೋದಾಗ ಗೋಲ್ ಆಯ್ತು. ಒಳಗ್ ಬಂದೆ, ಅವ್ಳು ಬಿದ್ಲು. ಹೋಗ್ಲಾ ಆಚೆ."

ಇದು ಬರೀ ಕಾಕತಾಳೀಯ ಕಣವ್ವ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಗಾಜಿನಾಚೆ ಬೆಂಚಿನ ಹಿಂದೆ ನಿಂತಿದ್ದ ಬರ್ಟ್ ಸಾಹೇಬರು ನನ್ನನ್ನೇ ನೋಡುತ್ತಿದ್ದುದು ಕಂಡಿತು. ಅವರು ಬಾತ್‌ರೂಮಿನ ಬಾಗಿಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು, ಎದೆಯ ಮೇಲೆ ಕೈ ಇಟ್ಟುಕೊಂಡರು. ಕೊನೆಯ ಅವಧಿ ಉಳಿದಿತ್ತು. ಐಸಿನ ಮೇಲೆ ಸುಧಾ ಹೆಲ್ಮೆಟ್ಟಿನೊಳಗಿಂದ ಏದುಸಿರು ಬಿಡುತ್ತಿದ್ದಳು. ನಾನು ಎದ್ದು ಹೋದೆ. ಹೋಗಲೇಬೇಕಾದ ಅಗತ್ಯವೇನೂ ಇರಲಿಲ್ಲ, ಹೋದೆ ಅಷ್ಟೆ.

ಬಾತ್‌ರೂಮಿನಲ್ಲಿ ಇನ್ನೊಬ್ಬ ಮನುಷ್ಯ ನಿಂತಿದ್ದ. ಒಣಗಿದ ಕೈಯನ್ನೇ ಡ್ರೈಯರಿನ ಕೆಳಗೆ ಮತ್ತೆ ಮತ್ತೆ ಒಣಗಿಸಿಕೊಳ್ಳುತ್ತಿದ್ದ. ಎದುರು ತಂಡದ ಆಟಗಾರ್ತಿಯ ಗಂಡ, ಪಾಲೋ ಆಲ್ಟೋ ಕಡೆ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರದ ಮೇಷ್ಟ್ರಂತೆ. ಆಟ ನೋಡುವುದಿಲ್ಲವೇ ಎಂದು ಕೇಳಿದೆ. ಇಲ್ಲಿ ಸ್ವಲ್ಪ ಬೆಚ್ಚಗಿದೆ ಎಂದ. ನನಗೂ ಹಾಗೇ ಅನ್ನಿಸಿತು ಎಂದೆ. ನೀವು ಮೊದಲು ಹೋಗಿ ಎಂದ. ಪರವಾಗಿಲ್ಲ, ನೀವೇ ಹೋಗಿ ಎಂದೆ. ಇಬ್ಬರೂ ಕೈ ತೊಳೆದುಕೊಂಡೆವು. ಮತ್ತೆ ತೊಳೆದುಕೊಂಡೆವು. ಕೊನೆಗೆ ಅವನಿಗೆ ಹೆಂಡತಿಯ ಆಟ ನೋಡದೆ ಇರಲಾಗಲಿಲ್ಲ. ಪಾಪ, ಒಳ್ಳೆಯ ಮನುಷ್ಯ, ಬಾಗಿಲು ತೆಗೆದು ಹೊರಗೆ ಕಾಲಿಟ್ಟ. ಆ ಕ್ಷಣಕ್ಕೇ ಶೆಡ್ಡು ಹಾರಿಹೋಗುವಂತೆ ಕೂಗೆದ್ದಿತು. ಅದರ ನಡುವೆ ನಮ್ಮವ್ವನ ಶಿಳ್ಳೆಯೂ ಕೇಳಿಸಿತು. ಆದರೂ ನಾನು ಕದಲಲಿಲ್ಲ. ಮುಗಿಯುವ ಗಂಟೆ ಬಾರಿಸುವವರೆಗೂ ಅಲ್ಲೇ ನಿಂತಿದ್ದೆ.

ಸುಧಾ ಬೆವರಿನಲ್ಲಿ ತೊಯ್ದು, ಹೆಲ್ಮೆಟ್ಟು ಕೈಯಲ್ಲಿ ಹಿಡಿದು ಕುಂಟುತ್ತಾ ಓಡಿಬಂದಳು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. "ರೀ, ಲಾಸ್ಟ್ ಗೋಲ್ ನಾನೇ ಹೊಡೆದಿದ್ದು! ಫಸ್ಟ್ ಗೋಲ್ ಕಣ್ರೀ ಲೈಫಲ್ಲಿ! ನೋಡಿದ್ರಾ?"

ನೋಡಿರಲಿಲ್ಲ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ನನ್ನ ಬಾಯಿಂದ ಬಂದ ಮಾತೇ ಬೇರೆ. "ನೋಡೋದೇನು ಬಂತು ಸುಧಾ, ಹೊಡೆಸಿದ್ದೇ ನಾನು!"

ತಂಡ ಉಳಿಯಿತು, ಹೊಸ ಸೀಸನ್ನು ಶುರುವಾಯಿತು. ಮೊದಲ ಪಂದ್ಯದ ದಿನ ಬರ್ಟ್ ಸಾಹೇಬರು ನನಗಾಗಿ ಮಡಚುವ ಕುರ್ಚಿಯೊಂದನ್ನು ತಂದಿದ್ದರು. ಎಲ್ಲಿ ಹಾಕಬೇಕೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೇರ ಒಳಗೆ ಹೋಗಿ ಹ್ಯಾಂಡ್ ಡ್ರೈಯರಿನ ಪಕ್ಕ ಹಾಕಿಕೊಂಡು ಕೂತೆ.