ಕಬ್ಬಿನ ಗಾಡಿಯ ಹಾಡು, ಅಜ್ಜಿಯ ಕರು

ನಾನು ಹಾಡುವವಳಲ್ಲ. ಸ್ನಾನ ಮಾಡುವಾಗಲೂ ಹಾಡುವುದಿಲ್ಲ. ನೀರಿನ ಸದ್ದು ನಿಂತ ಕ್ಷಣದಲ್ಲಿ ಗೋಡೆಯಾಚೆ ಯಾರಾದರೂ ಕೇಳಿಸಿಕೊಂಡಾರು ಎಂಬ ಅಂಜಿಕೆ. ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆ ವಿಷಯದಲ್ಲಿ ಒಂದು ಸೌಕರ್ಯವಿದೆ, ಬೋರ್ಡಿಗೆ ಮುಖ ಮಾಡಿ ನಿಂತುಬಿಟ್ಟರೆ ತರಗತಿ ಮುಗಿಯುವವರೆಗೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. 'ಇವತ್ತೇನ್ ಸಾರು?' ಎಂದು ಎದುರುಮನೆಯವರು ಬೀದಿಯಾಚೆಯಿಂದಲೇ ಕೇಳಿ, ಉತ್ತರ ಸಿಕ್ಕಮೇಲೆ 'ಅದ್ಕೆ ಬದ್ನೆಕಾಯಿ ಯಾಕ್ ಆಕುದ್ರಿ?' ಎಂದು ತಿದ್ದುವ, ಮಂಡ್ಯದ ಗುತ್ತಲು ಬಡಾವಣೆಯ ಈ ಬೀದಿಯಲ್ಲಿ ನನ್ನಂಥವಳು ಹೇಗೆ ಹುಟ್ಟಿದಳೆಂದು ಅಮ್ಮ ಈಗಲೂ ಆಶ್ಚರ್ಯಪಡುತ್ತಾಳೆ. ಇಂಥ ನಾನು ಈಗ ಮಂಡ್ಯದ ಕೆಲವು ವಲಯಗಳಲ್ಲಿ ಕವಯಿತ್ರಿ ಎಂದು ಹೆಸರಾಗಿದ್ದೇನೆ. ಎಂಥ ಕವಯಿತ್ರಿ ಎಂಬುದೇ ತೊಂದರೆ.

ನಮ್ಮ ಮನೆಯಲ್ಲಿ ಹಾಡುವುದು ಅಣ್ಣನ ಮಗಳು ಇಂಚರ. ಎರಡನೇ ತರಗತಿ. ಹಾಡುತ್ತ ಹಲ್ಲುಜ್ಜುತ್ತಾಳೆ, ಹಾಡುತ್ತ ಮಗ್ಗಿ ಒಪ್ಪಿಸುತ್ತಾಳೆ, ನಿದ್ದೆಯಲ್ಲಿ ಅರ್ಧ ಸಾಲು ಹಾಡಿ ಮಗ್ಗುಲಾಗುತ್ತಾಳೆ. ಅವಳ ಕಿವಿಗೆ ಬೀಳಬಾರದ್ದು ಬೀಳದಿರಲೆಂದು ಅಣ್ಣ ಫೋನಿಗೆ ಲಾಕ್ ಹಾಕಿದ್ದಾನೆ. ಟಿವಿಯಲ್ಲಿ ಅಂಥ ಹಾಡು ಬಂದರೆ ಅತ್ತಿಗೆ ಗಾಬರಿಯಿಂದ ರಿಮೋಟು ಹುಡುಕುತ್ತಾರೆ. ಸಿಗುವಷ್ಟರಲ್ಲಿ ಹಾಡು ಮುಗಿದು ಸೋಪಿನ ಜಾಹೀರಾತು ಬಂದಿರುತ್ತದೆ. ಆದರೆ ಕಬ್ಬು ಅರೆಯುವ ಕಾಲ ಬಂತೆಂದರೆ ಈ ಕಾವಲೆಲ್ಲ ದಂಡ. ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತವೆ, ಪ್ರತಿಯೊಂದರ ಬೆನ್ನಿಗೂ ಬೀರುವಿನಷ್ಟು ದೊಡ್ಡ ಸ್ಪೀಕರು.

ನಿಜ ಹೇಳಬೇಕೆಂದರೆ ಆ ಹೊತ್ತು ನನಗೆ ಇಷ್ಟ. ಸಂಜೆಯ ಬಿಸಿಲು ಹಳದಿಗೆ ತಿರುಗಿರುತ್ತದೆ. ಮೊದಲು ಕಬ್ಬಿನ ಹಸಿ ವಾಸನೆ ಬರುತ್ತದೆ, ಅದರ ಹಿಂದೆ ಎಲ್ಲಿಂದಲೋ ತೇಲಿಕೊಂಡು ಹಾಡು, ಹಾಡಿನ ಹಿಂದೆ ಧೂಳಿನೊಳಗಿಂದ ಆನೆಯಂತೆ ತೂಗುತ್ತ ಗಾಡಿ. ಉತ್ತರಪತ್ರಿಕೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಲ್ಲಿ ಕೂತ ನನಗೆ, ಬೀದಿಯೇ ನಾಲೆಯಾಗಿ ಗಾಡಿಗಳೆಲ್ಲ ಅದರ ಮೇಲೆ ತೇಲಿಹೋಗುತ್ತಿವೆ ಅನ್ನಿಸುತ್ತದೆ. ದೂರದಲ್ಲಿರುವಾಗ ಹಾಡಿನಲ್ಲಿ ಬರೀ ರಾಗವಿರುತ್ತದೆ. ಮಾತು ಹತ್ತಿರ ಬಂದಮೇಲೆ ಬಿಡಿಸಿಕೊಳ್ಳುತ್ತದೆ. ಅದು ಪೂರ್ತಿ ಬಿಡಿಸಿಕೊಳ್ಳುವ ಜಾಗ ನಮ್ಮ ಬಾಗಿಲ ಎದುರಿನ ಹಂಪ್ಸ್. ಅಲ್ಲಿ ಗಾಡಿ ತೆವಳುತ್ತದೆ, ಬೀದಿಯ ಮಕ್ಕಳು ಹಿಂದೆ ಓಡಿ ಜಲ್ಲೆ ಎಳೆದುಕೊಳ್ಳುತ್ತಾರೆ. ಕೈಗೆ ಜಲ್ಲೆ, ಬಾಯಿಗೆ ಹಾಡು.

ಒಂದು ದಿನ ಊಟಕ್ಕೆ ಕೂತಾಗ ಇಂಚರ, ಆ ವರ್ಷ ಎಲ್ಲ ಗಾಡಿಗಳೂ ಹಾಕುತ್ತಿದ್ದ ಹಾಡಿನ ಎರಡನೆಯ ಸಾಲನ್ನು ಸ್ಪಷ್ಟ ಉಚ್ಚಾರದಲ್ಲಿ ಹಾಡಿ, "ಹಂಗಂದ್ರೇನಪ್ಪಾ?" ಎಂದಳು. ಆ ಸಾಲನ್ನು ನಾನಿಲ್ಲಿ ಬರೆಯಲಾರೆ. ಗಂಡಸೊಬ್ಬ ಹೆಂಗಸಿಗೆ ಕಿವಿಯಲ್ಲಿ ಹೇಳಲೂ ಹಿಂಜರಿಯಬೇಕಾದ ಮಾತು ಎಂದಷ್ಟು ತಿಳಿದರೆ ಸಾಕು. ಅಣ್ಣನ ಗಂಟಲಲ್ಲಿ ಮುದ್ದೆ ನಿಂತಿತು. ಅತ್ತಿಗೆ ಇಲ್ಲದ ಉಪ್ಪಿನಕಾಯಿ ತರಲು ಎದ್ದರು. ಅಮ್ಮ, "ದೇವ್ರುದೊಂದ್ ಹಾಡು ಹೇಳವ್ವ" ಎಂದಳು. ಮುದ್ದೆ ಇಳಿದಮೇಲೆ ಅಣ್ಣ, "ಇನ್ನೊಂದ್ ಸಲ ಆ ಹಾಡು ಬಾಯಿಗೆ ಬಂತೋ, ನೋಡು!" ಎಂದು ಗದರಿದ.

ಏನು ತಪ್ಪೆಂದು ಯಾರೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ತಪ್ಪು ಯಾವುದೆಂದು ತಿಳಿಯದ ಮಗು ಜಾಣತನದಿಂದ ಎಲ್ಲ ಹಾಡನ್ನೂ ಬಿಟ್ಟುಬಿಟ್ಟಿತು. ಮೌನವಾಗಿ ಹಲ್ಲುಜ್ಜಿತು. ಮಗ್ಗಿಯನ್ನು ಗುಮಾಸ್ತರಂತೆ ಓದಿತು. ನಮ್ಮ ಮನೆಯ ಗೋಡೆ ಗಡಿಯಾರ ಸದ್ದು ಮಾಡುತ್ತದೆಂಬುದು ನನಗೆ ಆಗಲೇ ತಿಳಿದದ್ದು. ಮೌನವನ್ನು ಇಷ್ಟಪಡುವ ನನಗೆ ಆ ಮೌನವನ್ನು ತಡೆಯಲಾಗಲಿಲ್ಲ. ಮನೆಗೆ ಒಬ್ಬಳು ನನ್ನಂಥವಳು ಸಾಕು.

ಅಜ್ಜಿಯ ಬಳಿ ಹೇಳಿಕೊಂಡೆ. ಅಜ್ಜಿ ಮಳವಳ್ಳಿ ಕಡೆಯವಳು, ಒಂದು ಕಾಲಕ್ಕೆ ಸುತ್ತ ಹಳ್ಳಿಗಳ ಮದುವೆಗಳಲ್ಲಿ ಸೋಬಾನೆ ಹೇಳಿದವಳು.

"ಅಯ್ಯೋ ಬುಡವ್ವ, ನಾವೇನ್ ಕಮ್ಮಿ ಆಡಿದ್ವಾ? ಬೀಗ್ರುನ್ನ ಆಡ್ಕಂಡು ನಾವ್ ಏಳ್ತಿದ್ ಪದ್ವ ಕೇಳುದ್ರೆ ನಿನ್ ಟ್ಯಾಕ್ಟ್ರೇ ನಾಚ್ಕಂಡು ಇಂದಕ್ ಓಯ್ತದೆ."

"ಮಕ್ಕಳ ಮುಂದೆಯಾ ಅಜ್ಜಿ?"

"ಐಕ್ಳ ಮುಂದೆ ಯಾರ್ ಏಳಾರು? ಮೊದ್ಲು ಅವ್ರುನ್ನ ಎಬ್ಬುಸ್ತಿದ್ದೋ. 'ಓಗ್ರುಲಾ ಐಕ್ಳಾ, ಇತ್ಲಲ್ಲಿ ಕರ ಅದ್ಯಾ ನೋಡ್ಕಂಡ್ ಬನ್ನಿ' ಅಂತ. ಅವು ಬರಾಗಂಟ ನಮ್ ಪದ ಮುಗ್ದಿರದು."

ಬಾಲ್ಯದಲ್ಲಿ ಮದುವೆಮನೆಗಳಿಂದ ನನ್ನನ್ನು ಎಷ್ಟು ಸಲ ಕರು ನೋಡಲು ಕಳಿಸಿದ್ದರು! ಕರು ಯಾವಾಗಲೂ ಕಟ್ಟಿದಲ್ಲೇ ಇರುತ್ತಿತ್ತು. ನಾನು ಅದರ ಕಿವಿ ಸವರಿ, ಬೆಳದಿಂಗಳಂಥ ಅದರ ಕಣ್ಣು ನೋಡುತ್ತ ನಿಂತು, ಹಿಂದಿರುಗಿ "ಐತೆ" ಎಂದು ನಿಷ್ಠೆಯಿಂದ ವರದಿ ಮಾಡುತ್ತಿದ್ದೆ. ಹೆಂಗಸರು ಯಾಕೆ ಅಷ್ಟು ನಗುತ್ತಿದ್ದರೋ! ನಮ್ಮ ಕಡೆಯವರಿಗೆ ರಾಸುಗಳ ಮೇಲೆ ಬಹಳ ಪ್ರೀತಿ ಎಂದು ಇಷ್ಟು ದಿನ ನಂಬಿಕೊಂಡಿದ್ದೆ.

ಆದರೆ ಟ್ರ್ಯಾಕ್ಟರು, ಮಕ್ಕಳು ಎದ್ದು ಹೋಗಲೆಂದು ಕಾಯುವುದಿಲ್ಲ. ಗುತ್ತಲಿನ ನಮ್ಮ ಮನೆಗೆ ಹಿತ್ತಿಲೂ ಇಲ್ಲ, ಕರುವೂ ಇಲ್ಲ. ಹಾಗಾಗಿ ನಾನೇ ಒಂದು ಕರು ಕಟ್ಟಲು ಕೂತೆ. ರಾಗ ಅದೇ ಇರಲಿ, ಮಾತು ಬದಲಾಗಲಿ. ಉತ್ತರಪತ್ರಿಕೆಯ ಅಂಕಗಳ ನಡುವೆ ಮಾತ್ರೆ ಎಣಿಸಿ ಬರೆದೆ:

"ಆಲೆಮನೆಯ ಹೊಗೆ ಮೋಡಕ್ಕೆ,
ಬೆಲ್ಲದ ಕನಸು ಕಣ್ಣೊಳಕ್ಕೆ,
ತೂಗೋ ಗಾಡಿ ತೂಗು ಮೆಲ್ಲಕ್ಕೆ…"

ಬಾಗಿಲು ಹಾಕಿ, ಇಂಚರಳ ಕಿವಿಯಲ್ಲಿ ಹಾಡಿದೆ. ನನ್ನ ಜೀವಮಾನದ ಮೊದಲ ಕಛೇರಿ. ಅವಳ ಕಣ್ಣು ಅರಳಿತು. "ನಿಜವಾದ ಹಾಡು ಇದೇನಾ ಅತ್ತೆ?" ಎಂದಳು. ಹ್ಞೂಂ ಎಂದೆ. "ಗಾಡಿಯೋರು ತಪ್ಪ್ ತಪ್ಪಾಗಿ ಹಾಡ್ತಿದ್ರಾ? ಅದಕ್ಕೇ ಅಪ್ಪಂಗೆ ಕೋಪ ಬಂದಿದ್ದು!" ಎಂದು ಅವಳೇ ಲೆಕ್ಕ ಬಿಡಿಸಿದಳು. ಉತ್ತರ ಸರಿಯಿಲ್ಲದಿದ್ದರೂ ನಾನು ಪೂರ್ತಿ ಅಂಕ ಕೊಟ್ಟೆ. ಮರುದಿನ ಬೆಳಿಗ್ಗೆ ಬಚ್ಚಲಿನಿಂದ ನೊರೆ ತುಂಬಿದ ಬಾಯಲ್ಲಿ ಆಲೆಮನೆಯ ಹೊಗೆ ಎದ್ದಿತು.

ಅದಾದ ಮೇಲೆ, ಮಳವಳ್ಳಿಯಾಚೆಯ ಊರಾದ ಬ್ಲಫ್‌ನ ಕ್ವಾರ್ಟರ್ಸಿನಲ್ಲಿ ಚಿಕ್ಕಮ್ಮನ ಮಗಳು ಸವಿತಾಳ ಮಗುವಿಗೆ ತೊಟ್ಟಿಲು ಶಾಸ್ತ್ರ. ಅವಳ ಗಂಡನಿಗೆ ವಿದ್ಯುತ್ ಕೇಂದ್ರದಲ್ಲಿ ಕೆಲಸ. ನಾನು, ಅಜ್ಜಿ, ಇಂಚರ ಬಸ್ಸಿನಲ್ಲಿ ಹೊರಟೆವು. ಮದ್ದೂರಿನಲ್ಲಿ ವಡೆಯ ವಾಸನೆ ಕಿಟಕಿಯಿಂದ ಹತ್ತಿ, ಮಳವಳ್ಳಿಯವರೆಗೂ ಟಿಕೆಟ್ಟಿಲ್ಲದೆ ನಮ್ಮ ಜೊತೆ ಬಂತು. ಬಸ್ಸಿನ ತೂಕಡಿಕೆಯಲ್ಲಿ ಗದ್ದೆ, ತೆಂಗು, ಬಿಳಿ ಸೂಲಂಗಿ ಹೂ ಬಿಟ್ಟ ಕಬ್ಬು ಎಲ್ಲವೂ ನನ್ನ ಪದ್ಯದ ರಾಗಕ್ಕೇ ಹಿಂದೆ ಸರಿಯುತ್ತಿದ್ದವು. ಎರಡನೆಯ ಚರಣ ತಾನಾಗಿ ಹುಟ್ಟಿತು, ಅದನ್ನು ಟಿಕೆಟ್ಟಿನ ಹಿಂದೆ ಬರೆದುಕೊಳ್ಳುವುದನ್ನು ಇಂಚರ ನೋಡಿಬಿಟ್ಟಳು. ಕವಿಗಳು ಹೀಗೇ ಕೆಡುವುದಿರಬೇಕು.

ತೊಟ್ಟಿಲು ತೂಗಿದವರೆಲ್ಲ ಒಂದೊಂದು ಹಾಡು ಹೇಳಬೇಕು. ಇಂಚರಳ ಸರದಿ ಬಂತು. ಅವಳು ತೊಟ್ಟಿಲ ಹಗ್ಗ ಹಿಡಿದು ನನ್ನ ಹಾಡನ್ನು ಎತ್ತಿಕೊಂಡಳು. ಮೊದಲ ಸಾಲು ಮುಗಿಯುವ ಮೊದಲೇ ಏನೋ ಎಡವಟ್ಟಾಗಿದೆ ಎಂದು ನನಗೆ ಹೊಳೆಯಿತು. ಸವಿತಾಳ ಗಂಡ ತಿರುಗದ ಫ್ಯಾನನ್ನು ಆಸಕ್ತಿಯಿಂದ ನೋಡತೊಡಗಿದ. ಸವಿತಾಳ ಅತ್ತೆಯ ಸೆರಗು ಬಾಯಿಗೆ ಹೋಯಿತು. ನಾನು ಮಾತನ್ನಷ್ಟೇ ತೊಳೆದಿದ್ದೆ. ರಾಗ ಹಳೆಯದನ್ನೆಲ್ಲ ನೆನಪಿಟ್ಟುಕೊಂಡಿತ್ತು. ಆ ಕೋಣೆಯಲ್ಲಿ ಆಲೆಮನೆಯ ಹೊಗೆಯನ್ನು ಕಂಡವಳು ಇಂಚರ ಒಬ್ಬಳೇ. ಮಿಕ್ಕವರೆಲ್ಲ ಮನಸ್ಸಿನಲ್ಲೇ ಆ ಇನ್ನೊಂದು ಹಾಡನ್ನು ಹಾಡಿಕೊಳ್ಳುತ್ತಿದ್ದರು.

"ಇದು ಆ ಆಡಲ್ವೇನೆ?" ಎಂದು ಪಕ್ಕದ ಕ್ವಾರ್ಟರ್ಸಿನಾಕೆ ಪಿಸುಗುಟ್ಟಿದಳು.

"ಶ್! ಮಗ ಮನಿಕತ್ತಾ ಅದೆ, ಸುಮ್ಕಿರಿ" ಎಂದಳು ಅಜ್ಜಿ, ತೊಡೆಯ ಮೇಲೆ ತಾಳ ಹಾಕುತ್ತ.

ನಿಜವಾಗಿಯೂ ಮಗು ಮಲಗಿತ್ತು. ಅಷ್ಟು ಹೊತ್ತು ಎಲ್ಲರ ದೇವರ ಹಾಡಿಗೂ ಅತ್ತ ಮಗು! ಹಾಡು ಮುಗಿದಮೇಲೆ ತಡೆದಿಟ್ಟ ನಗು ಒಮ್ಮೆಲೇ ಒಡೆಯಿತು. ಇಂಚರ ಬೆದರಿ ನನ್ನ ಕಡೆ ನೋಡಿದಳು. "ನಾನ್ ತಪ್ಪ್ ಹಾಡಿದ್ನಾ ಅತ್ತೆ?"

"ಇಲ್ಲ ಕಣಮ್ಮ. ಪಾಪು ಮಲಗಿತಲ್ಲ, ಅದಕ್ಕೆ ಎಲ್ಲರಿಗೂ ಖುಷಿ" ಎಂದೆ.

ಅವಳು ಸಮಾಧಾನದಿಂದ ಸಭೆಗೆಲ್ಲ ಘೋಷಿಸಿದಳು: "ಇದು ನಮ್ಮತ್ತೆ ಬರ್ದಿರೋ ಹಾಡು!"

ಎಲ್ಲರೂ ನನ್ನತ್ತ ತಿರುಗಿದರು. ಬೋರ್ಡು ಎಲ್ಲಿಯೂ ಕಾಣಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಬ್ಲಫ್ ದೂರದ ಊರು ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಮರುದಿನ ಸಂಜೆ ಹಳದಿ ಬಿಸಿಲಿನಲ್ಲಿ ಮತ್ತೆ ಅದೇ ಹಾಡು ತೇಲಿ ಬಂತು. ಬಾಗಿಲಲ್ಲಿ ನಿಂತಿದ್ದ ಇಂಚರಳ ಮುಖ ಕೆಂಪಾಯಿತು. "ಅತ್ತೆ, ಇವ್ರು ಮತ್ತೆ ನಿನ್ ಹಾಡ್ನ ತಪ್ಪಾಗೇ ಹಾಕವ್ರೆ!" ಎಂದವಳೇ ಹಂಪ್ಸ್ ಕಡೆ ಓಡಿದಳು. ನಾನು ಚಪ್ಪಲಿ ಮೆಟ್ಟಿಕೊಂಡು ಹೋಗುವಷ್ಟರಲ್ಲಿ ಗಾಡಿ ನಿಂತಿತ್ತು, ಡ್ರೈವರು ಸ್ಪೀಕರಿನ ಸದ್ದು ತಗ್ಗಿಸಿ ಬಗ್ಗಿದ್ದ.

"ಏನ್ ಮಗಾ? ಜಲ್ಲೆ ಬೇಕಾ?"

"ಬೇಡ. ಈ ಹಾಡು ನಮ್ಮತ್ತೆ ಬರ್ದಿದ್ದು. ನೀವ್ ಹಾಕಿರೋದು ಸರಿಯಿಲ್ಲ."

ಡ್ರೈವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಕಾಟನ್ ಸೀರೆ, ಕನ್ನಡಕ, ಕೈಯಲ್ಲಿ ಕೆಂಪು ಪೆನ್ನು. ಎದುರುಮನೆಯವರು ಸಾರಿನ ಸೌಟು ಹಿಡಿದೇ ಹೊರಗೆ ಬಂದರು.

"ದಿಟ್ವಾ ಮೇಡಮ್ಮೋರೆ? ಈ ಆಡು ಬರ್ದಿದ್ದು ನೀವೇನಾ?"

ಇಲ್ಲ ಎನ್ನಬಹುದಿತ್ತು, ಒಂದೇ ಮಾತು. ಇಂಚರ ನನ್ನ ಕಿರುಬೆರಳು ಹಿಡಿದು ಮೇಲೆ ನೋಡುತ್ತಿದ್ದಳು. ಇಲ್ಲ ಅಂದರೆ ಯಾವ ಹಾಡು, ಯಾರದು, ಯಾಕೆ ಬದಲಾಯಿಸಿದ್ದು ಎಂದು ಎಲ್ಲವನ್ನೂ ಬಿಡಿಸಿ ಹೇಳಬೇಕು. ಮತ್ತೆ ಆ ಗಡಿಯಾರದ ಸದ್ದು ಕೇಳಬೇಕು.

"ಹ್ಞೂಂ" ಎಂದೆ.

"ನಿಮ್ಮುನ್ನ ನೋಡುದ್ರೆ ಅಂಗ್ ಕಾಣಕಿಲ್ವಲ್ಲ ಮೇಡಮ್ಮೋರೆ!" ಎಂದು ಅವನು ಭಕ್ತಿಯಿಂದ ಕೈ ಮುಗಿದು, ಒಳ್ಳೆಯ ದಪ್ಪ ಜಲ್ಲೆಯೊಂದನ್ನು ತಾನೇ ಎಳೆದು ಕೊಟ್ಟ.

ಅಂದಿನಿಂದ ಕಬ್ಬಿನ ಗಾಡಿಗಳು ನಮ್ಮ ಮನೆ ಮುಂದೆ ಗೌರವದಿಂದ ಹಾರನ್ ಹೊಡೆದು, ಆ ಹಾಡನ್ನು ಮೊದಲಿನಿಂದ ಹಾಕುತ್ತವೆ. ಇಂಚರ ಬಾಗಿಲಲ್ಲಿ ನಿಂತು, ಅವರ ದನಿಯ ಮೇಲೆ ತನ್ನ ದನಿ ಎತ್ತಿ, ಸರಿಯಾದ ಹಾಡು ಯಾವುದೆಂದು ತಿದ್ದುತ್ತಾಳೆ. ಬೀದಿಯ ಮಕ್ಕಳೂ ಈಗ ಅವಳ ಕಡೆ. ನಾನು ಕಿಟಕಿಯ ಪರದೆ ಎಳೆದುಕೊಂಡು ಕೂರುತ್ತೇನೆ. ಯಾರಾದರೂ ಪುಣ್ಯಾತ್ಮರು ಬಂದು, 'ಹೋಗವ್ವ, ಹಿತ್ತಲಲ್ಲಿ ಕರು ಇದೆಯಾ ನೋಡಿಕೊಂಡು ಬಾ' ಎಂದು ನನ್ನನ್ನು ಒಂದಿಷ್ಟು ಹೊತ್ತು ಎಲ್ಲಾದರೂ ಕಳಿಸಬಾರದೇ?