ಗಿರಿಜತ್ತೆಯ ನಷ್ಟ

ನಮ್ಮ ತಿಪಟೂರು ಸೀಮೆಯಲ್ಲಿ ವ್ಯಾಪಾರ ಹೇಗಿದೆ ಎಂದು ಕೇಳಿದರೆ ‘ಚೆನ್ನಾಗಿದೆ’ ಎನ್ನುವವನು ಒಂದೋ ಊರಿಗೆ ಹೊಸಬ, ಇಲ್ಲವೇ ಅಂಗಡಿ ಮಾರಲು ಗಿರಾಕಿ ಹುಡುಕುತ್ತಿರುವವನು. ಉಳಿದವರೆಲ್ಲ ಕೆಟ್ಟ ಕಣ್ಣಿಗೆ ಹೆದರಿ ಬಡವರ ಹಾಗೆ ಮಾತಾಡುತ್ತಾರೆ. ಅಟ್ಟದ ತುಂಬ ಕೊಬ್ಬರಿ ಒಣಗುತ್ತಿದ್ದರೂ, “ಈ ಸಲ ಏನೂ ಇಲ್ಲ ಕಣಪ್ಪ, ಎಲ್ಲಾ ನುಸಿ ತಿಂದೋಯ್ತು” ಎನ್ನುತ್ತಾರೆ. ಕೇಳಿದವನೂ “ನಮ್ದೂ ಅಷ್ಟೇ ಬುಡು” ಎನ್ನುತ್ತಾನೆ. ಇಬ್ಬರೂ ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ.

ಇಂಥ ಊರಲ್ಲಿ ಕಾಮರ್ಸ್ ಪಾಠ ಹೇಳಿಕೊಂಡಿದ್ದ ನಾನು, ನಲವತ್ತು ದಾಟಿದ ಮೇಲೆ, ದೂರದ ಒಂದು ವಿಶ್ವವಿದ್ಯಾಲಯಕ್ಕೆ ಲ್ಯಾಪ್‌ಟಾಪಿನಲ್ಲೇ ವಿದ್ಯಾರ್ಥಿನಿಯಾದೆ. ಯಾಕೆ ಸೇರಿದೆ ಎಂಬುದಕ್ಕೆ ಹಲವು ಕಾರಣಗಳನ್ನು ಇಟ್ಟುಕೊಂಡಿದ್ದೇನೆ. ಕೇಳಿದವರ ಮುಖ ನೋಡಿ ಒಂದನ್ನು ಕೊಡುತ್ತೇನೆ. ನಿಜವಾದದ್ದು ಯಾವುದೆಂದು ಈಗ ನನಗೇ ತಿಳಿಯದು. ‘ವಿವಿಧ ಸಂಸ್ಕೃತಿಗಳಲ್ಲಿ ಕಾರ್ಯತಂತ್ರ ಮತ್ತು ಉದ್ಯಮಶೀಲತೆ’ ಎಂಬುದು ಅದರಲ್ಲೊಂದು ವಿಷಯ. ಹೆಸರು ಹೇಳಿ ಮುಗಿಸುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಾರೆ. ಅದರ ಪರೀಕ್ಷೆಯೆಂದರೆ, ನಮ್ಮ ನಮ್ಮ ಊರಿನ ಒಬ್ಬ ಯಶಸ್ವಿ ಉದ್ಯಮಿಯನ್ನು ತರಗತಿಯ ಮುಂದೆ ಕೂರಿಸಿ ಮಾತಾಡಿಸಬೇಕು, ಯಶಸ್ಸು ಅಲ್ಲಿ ಕಾಣಬೇಕು, ಕಾಣದಿದ್ದರೆ ಮುಂದಿನ ವರ್ಷ ಮತ್ತೆ ಅದೇ ಪಾಠ. ಮಗಳಿಗೂ ಆ ವರ್ಷವೇ ಹತ್ತನೇ ತರಗತಿ. “ಮನೇಲಿ ಒಬ್ಬರಾದರೂ ಪಾಸಾಗಿ” ಎಂದು ನನ್ನ ಗಂಡ ಆಗಲೇ ಬೇಡಿಕೊಂಡಿದ್ದರು.

ನಾನು ನೇರ ಬಿಳಿಗೆರೆಗೆ, ಸೋದರತ್ತೆ ಗಿರಿಜಮ್ಮನವರ ಮನೆಗೆ ಹೋದೆ. ಅತ್ತೆ ಹಿತ್ತಿಲಲ್ಲಿ ಒಂದು ಮರದ ಗಾಣ ಹಾಕಿ ಕೊಬ್ಬರಿ ಎಣ್ಣೆ ತೆಗೆಯಲು ಶುರುಮಾಡಿದವರು. ಈಗ ಗಾಣ ಎರಡಾಗಿವೆ, ಮೂರನೆಯದಕ್ಕೆ ಶೆಡ್ ಎದ್ದಿದೆ, ಎಣ್ಣೆ ಹಾಸನದವರೆಗೂ ಹೋಗುತ್ತದೆ. ಯಶಸ್ಸು ಘಮಘಮಿಸುತ್ತಿತ್ತು. ಲ್ಯಾಪ್‌ಟಾಪಿನ ಮುಂದೆ ಹಣೆಗೆ ವಿಭೂತಿ ಇಟ್ಟುಕೊಂಡು ಕೂತ ಅತ್ತೆಯನ್ನು ಪರದೆಯಲ್ಲಿದ್ದ ಪ್ರೊಫೆಸರು ಕೇಳಿದರು, ನಾನು ಕನ್ನಡಕ್ಕೆ ತಂದೆ: “ವ್ಯಾಪಾರ ಹೇಗೆ ನಡೀತಿದೆ ಅಂತಾರೆ ಅತ್ತೆ.”

“ಏನ್ ಯಾಪಾರ ಬುಡಮ್ಮ! ಎಣ್ಣೆ ಜನಕ್ಕೆ, ಹಿಂಡಿ ದನಕ್ಕೆ, ನಮಗೆ ಗಾಣದ ಸದ್ದು ಮಾತ್ರ. ಇವತ್ತೋ ನಾಳೆಯೋ ಮುಚ್ಚಾದೇ.”

ಪರೀಕ್ಷೆಯ ನಿಯಮದಂತೆ ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿಗೆ ತಂದೆ. ಫಿನ್ಲೆಂಡಿನ ಹೆನ್ರಿಕಾ ಎಂಬ ಸಹಪಾಠಿಯ ಕಣ್ಣು ಒದ್ದೆಯಾಯಿತು (ಅವಳಿಗೆ ನೆಗಡಿಯೂ ಇದ್ದಿರಬಹುದು). ಗೌರವದಿಂದ ಗಾಣ ಮುಚ್ಚುವುದು ಹೇಗೆಂದು ತಾನೊಂದು ಯೋಜನೆ ಬರೆದುಕೊಡುತ್ತೇನೆ ಎಂದಳು. ಘಾನಾದ ಕ್ವೆಸಿ ಮಾತ್ರ ನಗುತ್ತಿದ್ದ. “ನಮ್ಮಮ್ಮನಿಗೂ ಸಂತೆಯಲ್ಲಿ ಮಳಿಗೆ ಇದೆ. ಮಾಲು ಜಾಸ್ತಿಯಾದಷ್ಟೂ ಅಳು ಜಾಸ್ತಿ” ಎಂದ. ಪಾಠದ ನೋಟ್ಸಿನಲ್ಲಿ ಅವನ ದೇಶ, ನನ್ನ ದೇಶ ಬೇರೆ ಬೇರೆ ಅಧ್ಯಾಯ. ಆದರೂ ಅಣ್ಣ ಸಿಕ್ಕಂತಾಯಿತು.

ಪ್ರೊಫೆಸರು ನಗಲಿಲ್ಲ. “ನಿಜ ಏನು, ನೀವೇ ಹೇಳಿ” ಎಂದು ನನ್ನನ್ನು ಕೇಳಿದರು. ಹೇಳದಿದ್ದರೆ ಫೇಲು. ಹೇಳಿದರೆ ಅತ್ತೆಯ ಏಳಿಗೆಯನ್ನು ಅವರೆದುರೇ, ಅದೂ ಮೂರು ಖಂಡದ ಕಣ್ಣುಗಳ ಮುಂದೆ, ಬಾಯಿಬಿಟ್ಟು ಆಡಿದಂತೆ. ನಾನು ದೃಷ್ಟಿಗಿಷ್ಟಿ ನಂಬುವವಳಲ್ಲ. ಆದರೂ ಮೆಲ್ಲಗೆ, “ಅತ್ತೆ, ಒಂಚೂರು ನೀರು ತರ್ತೀರಾ?” ಎಂದೆ.

“ಚೊಂಬು ನಿನ್ ಪಕ್ಕದಲ್ಲೇ ಐತಲ್ಲೇ!”

ಕೊನೆಗೆ, ಅವರಿಗೆ ಇಂಗ್ಲಿಷ್ ಬಾರದೆಂಬ ಧೈರ್ಯದ ಮೇಲೆ, ಶೆಡ್ಡು, ಹಾಸನ, ಹಬ್ಬದ ಆರ್ಡರು, ಎಲ್ಲವನ್ನೂ ಗಡಗಡ ಒಪ್ಪಿಸಿಬಿಟ್ಟೆ. ಅತ್ತೆ ಕಂಬದ ಹಾಗೆ ಕೂತಿದ್ದರು. ಅಥವಾ ನನಗೆ ಹಾಗೆ ಕಂಡಿತು. ‘ಕಾಲು ತುಳಿದೆ, ನೀನು ನಿಲ್ಲಿಸಲಿಲ್ಲ’ ಎಂದು, ಆ ಸಂಜೆ ಬೇರೆಯೇ ಹೇಳಿದ್ದರೂ, ಅವರು ಈಗ ಹೇಳುತ್ತಾರೆ. ನನ್ನ ಕಾಲಿಗೆ ಅದರ ನೆನಪಿಲ್ಲ.

ಅದೇ ಸಂಜೆ ಗಾಣದ ಮೋಟಾರಿನ ಬೆಲ್ಟು ಪಟ್ಟೆಂದು ಹರಿಯಿತು.

ನಾನು ತಲೆ ಎತ್ತಲಿಲ್ಲ. ಅತ್ತೆ ಬಂದು ಪಕ್ಕದಲ್ಲಿ ಕೂತರು. “ಶೆಡ್ಡು ಅಂದೆ, ಮಿಷಿನ್ ಅಂದೆ, ಆರ್ಡರ್ ಅಂದೆ. ಇಷ್ಟೂ ತಿಳಿಯಾಕಿಲ್ವೇನೇ ನಂಗೆ?”

“ಮತ್ತೆ ಬಾಯಿ ಮುಚ್ಚು ಅನ್ನಬಾರದಿತ್ತಾ ಅತ್ತೆ?”

“ಅಂದಿದ್ರೆ ನೀನು ನಪಾಸಾಗ್ತಿದ್ದೆ ಕಣೇ. ಬೆಲ್ಟ್ ಹೋದ್ರೆ ಇನ್ನೊಂದು ಬತ್ತದೆ, ಬುಡು.”

ಆಮೇಲೆ ಒಳಗೆ ಹೋಗಿ ಹಿಡಿ ಉಪ್ಪು, ಒಣಮೆಣಸಿನಕಾಯಿ ತಂದರು. ಗಾಣದ ಕಡೆಗೆ ಹೋಗುತ್ತಾರೆ ಎಂದುಕೊಂಡೆ. ಅವರು ಲ್ಯಾಪ್‌ಟಾಪಿನ ಮುಂದೆ ನಿಂತರು. “ಅಷ್ಟೂ ಕಣ್ಣು ಬಂದಿದ್ದು ಇದರೊಳಗಿಂದ್ಲೇ ಅಲ್ವಾ” ಎನ್ನುತ್ತ ನಿವಾಳಿಸತೊಡಗಿದರು.

ಮೂಢನಂಬಿಕೆಗಳು ಉದ್ಯಮದ ಬೆಳವಣಿಗೆಗೆ ಹೇಗೆ ಅಡ್ಡಿ ಎಂಬ ಪ್ರಬಂಧವನ್ನು ನಾನು ಹಿಂದಿನ ವಾರವಷ್ಟೇ ಬರೆದು ಕಳಿಸಿದ್ದೆ. ಆದರೆ ಪರೀಕ್ಷೆಯ ಫಲಿತಾಂಶ ಇನ್ನೂ ಬಂದಿರಲಿಲ್ಲ ನೋಡಿ. ಅತ್ತೆಗೆ ಕಾಣದ ಹಾಗೆ ಕುರ್ಚಿಯನ್ನು ಲ್ಯಾಪ್‌ಟಾಪಿಗೆ ಒತ್ತಿ ಎಳೆದುಕೊಂಡು, ನಿವಾಳಿ ನನಗೂ ಸುತ್ತಲೆಂದು ತಲೆ ಬಗ್ಗಿಸಿ ಕೂತೆ.