ಕೋರಂ ಕೂಡಿದ ದಿನ

ತಾನು ತೋಡಿದ ಗುಂಡಿಗೆ ತಾನೇ ಬೀಳಲು ಸಾಮಾನ್ಯರಿಗೆ ಒಂದೆರಡು ವರ್ಷ ಸಾಕು. ಕಾನೂನು ಕಾಲೇಜಿನ ಡೀನರು ವಿದ್ವಾಂಸರು. ಅವರಿಗೆ ಒಂಬತ್ತು ವರ್ಷ ಹಿಡಿಯಿತು.

ಸಂವಿಧಾನದ ಮೇಲೆ ಅವರು ಬರೆದ ದಪ್ಪ ಪುಸ್ತಕವನ್ನು ವಕೀಲರೆಲ್ಲ ಕಪಾಟಿನಲ್ಲಿಟ್ಟಿದ್ದರು. ಕೆಲವರು ಓದಿಯೂ ಇದ್ದರಂತೆ. ಆ ಹುಮ್ಮಸ್ಸಿನಲ್ಲಿ, ಡೀನ್ ಆದ ಹೊಸತರಲ್ಲಿ, ಕಾಲೇಜಿಗೂ ಒಂದು ಪುಟ್ಟ ಸಂವಿಧಾನ ಬರೆದುಬಿಟ್ಟರು. ಅಧ್ಯಾಪಕರಲ್ಲಿ ಮೂರರಲ್ಲಿ ಎರಡು ಪಾಲು ಜನ ಸಭೆಯಲ್ಲಿ ಕೂತಿದ್ದರೆ ಮಾತ್ರ ಡೀನ್ ಕುರ್ಚಿ ಕೈ ಬದಲಾಗಬೇಕು ಎಂದಿತ್ತು ಅದರಲ್ಲಿ. ಅಷ್ಟು ಜನ ಆಮೇಲೆ ಒಮ್ಮೆಯೂ ಸೇರಲಿಲ್ಲ. ಅವಧಿ ಮುಗಿದ ಮೇಲೆ ಎರಡು ಸಲ ಸಭೆ ಕರೆದರು. ಎರಡು ಸಲವೂ ಕೋರಂ ಇಲ್ಲದೆ ಸಭೆ ಮುಂದೆ ಹೋಯಿತು, ಮಗಳ ಊರಿನ ರೈಲೂ ಮುಂದೆ ಹೋಯಿತು. ಮೊಮ್ಮಗಳಿಗೆ ಬಂದ ಮೊದಲ ಹಲ್ಲನ್ನು ಅಜ್ಜ ಫೋನಿನಲ್ಲೇ ನೋಡಿದ್ದರು.

ಮೂರನೆಯ ಸಭೆ ಕರೆದಿದ್ದ ಈ ದಿನ ಬೆಳಿಗ್ಗೆ ಹೆಂಡತಿ ಸೂಟ್‌ಕೇಸಿನ ಮುಚ್ಚಳ ಮೊಣಕಾಲಿನಿಂದ ಒತ್ತುತ್ತ ಹೇಳಿದ್ದರು: "ರೀ, ಸಂಜೆ ರೈಲಿಗೆ ಮಾಜಿ ಡೀನಾಗಿ ಬನ್ನಿ. ಹಾಲಿ ಡೀನಾದ್ರೆ ಬರಲೇಬೇಡಿ."

ಮಧ್ಯಾಹ್ನ ಸಭಾಕೋಣೆಯಲ್ಲಿ ಇದ್ದವರು ಇಬ್ಬರೇ. ಒಬ್ಬರು ಮುಂದಿನ ಡೀನ್ ಆಗಬೇಕಿದ್ದ, ಡೀನರದೇ ಹಳೆಯ ಶಿಷ್ಯೆ. ಇನ್ನೊಬ್ಬರು, ತಮ್ಮ ಮದುವೆಯಲ್ಲೂ ತಕರಾರು ತೆಗೆದಿದ್ದರೆಂದು ಹೆಸರಾದ ಆಕ್ಷೇಪಣೆ ಮೇಷ್ಟ್ರು.

ಡೀನರು ಕೋಟು ಕಳಚಿ ಬೇಟೆಗೆ ಹೊರಟರು. ಅಪರಾಧ ಕಾನೂನಿನ ಪ್ರಾಧ್ಯಾಪಕರು ಗ್ರಂಥಾಲಯದಲ್ಲಿ ದಪ್ಪ ಸಂಪುಟವೊಂದನ್ನು ದಿಂಬು ಮಾಡಿಕೊಂಡು ಗೊರಕೆ ಹೊಡೆಯುತ್ತಿದ್ದರು, ಎಬ್ಬಿಸಿ ತಂದರು. ಕ್ಯಾಂಟೀನಿನಿಂದ ಒಂದು ಗುಂಪನ್ನು ಚಹಾ ಲೋಟದ ಸಮೇತ ಹೊರಡಿಸಿ ತರುವಷ್ಟರಲ್ಲಿ ಗೊರಕೆಯವರು ಮಿಕ್ಕ ನಿದ್ದೆ ಮುಗಿಸಲು ವಾಪಸ್ ಹೋಗಿದ್ದರು. ತೆರಿಗೆ ಕಾನೂನಿನವರು ಗೇಟಿನ ಬಳಿ ಸ್ಕೂಟರ್ ಒದೆಯುತ್ತಿದ್ದರು; ಡೀನರು ಕೀ ಕಿತ್ತು ಜೇಬಿಗೆ ಹಾಕಿಕೊಂಡರು. ನಾಗರಿಕ ಸ್ವಾತಂತ್ರ್ಯದ ಮೇಲೆ ನಾನೂರು ಪುಟ ಬರೆದ ಕೈ ಅದು. ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವುದೆಂದರೆ ಏನೆಂದು ಅವರಿಗೆ ಆಗ ತಿಳಿಯಿತು. ಕೊನೆಗೆ, ಸಂಜೆಯ ಹೊತ್ತಿಗೆ, ಎಲ್ಲರನ್ನೂ ಒಳಗೆ ಕೂರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತರು.

ಆಕ್ಷೇಪಣೆ ಮೇಷ್ಟ್ರು ತಲೆಗಳನ್ನು ಎರಡೆರಡು ಸಲ ಎಣಿಸಿ, ಕೋರಂ ಇದೆಯೆಂದು ದುಃಖದಿಂದ ಒಪ್ಪಿಕೊಂಡರು.

ಡೀನರು ಬೆವರು ಒರೆಸಿಕೊಂಡು ಶಿಷ್ಯೆಗೆ ಕುರ್ಚಿ ತೋರಿಸಿದರು. ಆಕೆ ಎದ್ದರು, ಕುರ್ಚಿಯತ್ತ ಮಾತ್ರ ಹೋಗಲಿಲ್ಲ.

"ಸರ್, ಆಗಿನಿಂದ ನೋಡ್ತಾ ಇದೀನಿ. ಇವರನ್ನೆಲ್ಲ ಒಂದ್ಕಡೆ ಸೇರಿಸೋದು ನನ್ನ ಕೈಲಾಗೋ ಮಾತಲ್ಲ. ನಿಮ್ಮ ನಿಯಮದಲ್ಲೇ ಇದೆಯಲ್ಲ, ಕೋರಂ ಇದ್ದು ಸಭೆ ಬಯಸಿದ್ರೆ ಹಾಲಿ ಡೀನರನ್ನೇ ಇನ್ನೊಂದು ಅವಧಿಗೆ ಮುಂದುವರಿಸಬಹುದು ಅಂತ. ಅದನ್ನೇ ಸೂಚಿಸ್ತೀನಿ."

ಇತ್ತು. ಕುರ್ಚಿ ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ, ಯಾವುದಕ್ಕೂ ಇರಲಿ ಎಂದು ಅವರೇ ಸದ್ದಿಲ್ಲದೆ ಸೇರಿಸಿಕೊಂಡಿದ್ದ ನಿಯಮ.

ಕೈಗಳೆಲ್ಲ ಮೇಲೆದ್ದವು, ಗೊರಕೆಯವರದ್ದೂ. ಉಳಿದದ್ದು ಒಂದೇ ಆಸೆ. ಡೀನರು ಆಕ್ಷೇಪಣೆ ಮೇಷ್ಟ್ರ ಕಡೆ ನೋಡಿದರು.

"ನಂದೇನೂ ಆಕ್ಷೇಪಣೆ ಇಲ್ಲ," ಎಂದರು ಮೇಷ್ಟ್ರು, ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ.

ಡೀನರು ಸ್ಕೂಟರಿನ ಕೀ ಹಿಂದಿರುಗಿಸಿ, ಹೆಂಡತಿಗೆ ಫೋನ್ ಮಾಡಿದರು. ಸಭೆ, ನಿಯಮ, ಬಹುಮತ ಎಂದು ಅರ್ಧ ವಿವರಿಸುವಷ್ಟರಲ್ಲಿ ಆಕೆ ತಡೆದರು.

"ನಮ್ಮನೇಲೂ ಒಂದು ಸಭೆ ಆಯ್ತು ರೀ. ಅಲ್ಲಿ ಕೋರಂಗೆ ನಾನೊಬ್ಬಳೇ ಸಾಕು. ರೈಲು ಹತ್ತಿ ಕೂತಿದೀನಿ. ಮನೆ ಕೀ ಪಕ್ಕದ್ಮನೇಲಿದೆ, ಅಡುಗೆ ನೀವೇ ಮಾಡ್ಕೊಳ್ಳಿ."